ಸಣ್ಣ ಸೆಡಾನ್ ಬುಕ್ ಮಾಡೋರು ಓದಿ: ನಂಬರ್ ಬೀಳುವ ಮೊದಲು ಗಾಡಿ ನೋಡಿ

ಮೊದಲೇ ಹೇಳಿಬಿಡುತ್ತೇನೆ. ಹೊಸ ಗಾಡಿಯ ದುಡ್ಡು ಎಣಿಸಿಕೊಂಡು ನಮಗೆ ಕೊಟ್ಟದ್ದು ಕಳೆದ ವರ್ಷ ಜೂನ್‌ನಲ್ಲಿ ಫ್ಯಾಕ್ಟರಿ ಬಿಟ್ಟ ಗಾಡಿ. ಇಡೀ ಮಳೆಗಾಲ ಬಯಲಲ್ಲಿ ನಿಂತಿತ್ತು. ಈ ಯುಗಾದಿಗೆ ಅದಕ್ಕೇ ಹಾರ ಹಾಕಿ, ನಮ್ಮ ಕೈಲಿ ಕೇಕ್ ಕಟ್ ಮಾಡಿಸಿ, ಫೋಟೋ ಹೊಡೆದು ಕಳಿಸಿದರು. ಬಿಲ್ಲಲ್ಲಿ ಒಂದು ರೂಪಾಯಿ ಕಡಿಮೆ ಇಲ್ಲ. ಬ್ರ್ಯಾಂಡ್ ಹೆಸರು, ಶೋರೂಮ್ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅಲ್ಲಿ ಹಾಕಿದ್ದೇನೆ.

ನಮಗೆ ಬೇಕಿದ್ದದ್ದು ಮನೆಮಂದಿಗೆಲ್ಲ ಆಗುವ ಒಂದು ಸಣ್ಣ ಸೆಡಾನ್. ಡಿಜೈರ್, ಅಮೇಜ್, ಔರಾ, ಟಿಗೋರ್, ಈ ಸಾಲು ನಿಮಗೆ ಗೊತ್ತೇ ಇದೆ. ಎಲ್ಲವೂ ನಾಲ್ಕು ಮೀಟರ್ ಒಳಗೆ. ಯಾಕೆ ಅಂದರೆ ತೆರಿಗೆ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ದಾಟದ ಸಣ್ಣ ಇಂಜಿನ್ ಕಾರಿನ ಎಕ್ಸೈಸ್ ಇಳಿಸಿದ ಮೇಲೆ ಎಲ್ಲಾ ಕಂಪನಿಯವರೂ ಸೆಡಾನ್ ಬಾಲ ಕತ್ತರಿಸಲು ಶುರು ಮಾಡಿದರು. 2008ರಲ್ಲಿ ಬಂದ ಮೊದಲ ಡಿಜೈರ್ ಉದ್ದ ಇತ್ತು, 2012ರದ್ದು 3,995 ಮಿ.ಮೀ.ಗೆ ಇಳಿಯಿತು. ಆ ಕತ್ತರಿಯ ಪೆಟ್ಟು ಬೀಳುವುದು ಡಿಕ್ಕಿ ಮತ್ತು ಹಿಂದಿನ ಸೀಟಿಗೆ. ಅದಕ್ಕೇ ಟೆಸ್ಟ್ ಡ್ರೈವ್‌ಗೆ ಹೋದಾಗ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ.

ಸೇಲ್ಸ್ ಹುಡುಗ ಏನು ಮಾಡಿದ ಗೊತ್ತಾ? "ಯಜಮಾನ್ರಿಗೆ ಬಿಸಿಲು, ಎಸಿಯಲ್ಲಿ ಕೂತ್ಕೊಳ್ಳಲಿ ಬಿಡಿ ಸರ್" ಅಂತ ಇಬ್ಬರಿಗೂ ಒಳಗೆ ಕಾಫಿ ಕೊಡಿಸಿ ಕೂರಿಸಿದ. ನಾನು, ಅವನು, ಇಬ್ಬರೇ ಹೊರಟೆವು. ಶೋರೂಮ್ ಹಿಂದಿನ ರಸ್ತೆ, ಹಂಪ್ ಇಲ್ಲ, ಏರು ಇಲ್ಲ. ಇಬ್ಬರು ಕೂತರೆ ಯಾವ ಗಾಡಿ ಎಳೆಯಲ್ಲ ಹೇಳಿ? ಈಗ ಮನೆಯವರೆಲ್ಲ ಕೂತು, ಡಿಕ್ಕಿಯಲ್ಲಿ ಬ್ಯಾಗ್ ತುಂಬಿ ಶಿರಾಡಿ ಘಾಟಿ ಹತ್ತಿಸುವಾಗ ಲಾರಿ ಹಿಂದೆ ಎರಡನೇ ಗೇರಲ್ಲಿ ಒದ್ದಾಡುತ್ತದೆ. ಮೂರು ಸಿಲಿಂಡರ್ ಇಂಜಿನ್. ಸಿಗ್ನಲ್‌ನಲ್ಲಿ ಎಸಿ ಹಾಕಿ ನಿಂತರೆ ಸೀಟಿನ ತನಕ ನಡುಕ ಬರುತ್ತದೆ. ನಮ್ಮ ಬೀದಿಯ ಸ್ಕೂಲ್ ಮುಂದಿನ ಹಂಪ್‌ಗೆ ಹೊಟ್ಟೆ ಕರ್ರ್ ಅಂತ ಉಜ್ಜುತ್ತದೆ. ಅಪ್ಪನಿಗೆ ಮಂಡಿ ನೋವು. ಸೆಡಾನ್ ತಗ್ಗು, ಒಳಗೆ ಕೂರುವುದು ಸುಲಭ, ಎದ್ದು ಇಳಿಯಬೇಕಾದರೆ ಬಾಗಿಲು ಹಿಡಿದುಕೊಂಡು ಒದ್ದಾಡುತ್ತಾರೆ. ಇದೆಲ್ಲ ಆ ದಿನವೇ ಗೊತ್ತಾಗಬೇಕಿತ್ತು, ಕಾಫಿ ಕುಡಿಸಿ ತಪ್ಪಿಸಿದರು.

ಹಾಗಂತ ಗಾಡಿ ಕೆಟ್ಟದ್ದಲ್ಲ. ಹೈವೇಯಲ್ಲಿ ಮೈಲೇಜ್ ಚೆನ್ನಾಗಿ ಬರುತ್ತದೆ, ಡಿಕ್ಕಿಯಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಆರಾಮಾಗಿ ಹಿಡಿಯುತ್ತವೆ. ಸಿಎನ್‌ಜಿ ತಗೊಳ್ಳೋರು ಮಾತ್ರ ಡಿಕ್ಕಿ ತೆಗೆಸಿ ಕಣ್ಣಾರೆ ನೋಡಿ, ಸಿಲಿಂಡರ್ ಎಷ್ಟು ಜಾಗ ತಿನ್ನುತ್ತದೆ ಅಂತ. ನನ್ನ ಸಿಟ್ಟು ಗಾಡಿ ಮೇಲಲ್ಲ, ಅದನ್ನು ನನ್ನ ತಲೆಗೆ ಕಟ್ಟಿದವರ ಮೇಲೆ.

ಕೊಟೇಷನ್ ಕೇಳಿ. ಚೀಟಿಯ ಮೇಲೆ ಎಕ್ಸ್‌ಶೋರೂಮ್ 9.10 ಲಕ್ಷ ಅಂತ ಬರೆದು, ಅದನ್ನು ಹೊಡೆದು ಹಾಕಿ, "ನಿಮಗೋಸ್ಕರ 78 ಸಾವಿರ ಬೆನಿಫಿಟ್ ಮಾಡಿಸಿದ್ದೀನಿ ಅಣ್ಣ, ಮ್ಯಾನೇಜರ್ ಹತ್ರ ಜಗಳ ಆಡಿ" ಅಂದ. ಮನೆಗೆ ಬಂದು ಹೇಳಿದರೆ ಭಾವ ನಕ್ಕರು. ಅದು ಸರ್ಕಾರ ಇಳಿಸಿದ ತೆರಿಗೆ! 2025ರ ಸೆಪ್ಟೆಂಬರ್ 22ರಿಂದ ಈ ಸೈಜಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ 28% ಜಿಎಸ್‌ಟಿ, 1% ಸೆಸ್ ಹೋಗಿ 18% ಆಯಿತಲ್ಲ, ಅಷ್ಟೇ ದುಡ್ಡು. ದೇಶಕ್ಕೆಲ್ಲ ಸಿಕ್ಕಿದ್ದನ್ನು ನನಗೊಬ್ಬನಿಗೆ ಜಗಳ ಆಡಿ ಕೊಡಿಸಿದ ಹಾಗೆ ಮಾತಾಡಿದ. ಮರುದಿನ ಕೇಳಿದರೆ "ಹೌದು ಸರ್, ಆದ್ರೂ ನಾವು ಪಾಸ್ ಆನ್ ಮಾಡಿದ್ದೀವಲ್ಲ" ಅಂತೆ.

ಅದರ ಕೆಳಗೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್. ಐದರಿಂದ ಹತ್ತು ಲಕ್ಷದ ಗಾಡಿಗೆ 14%, ಅದರ ಮೇಲೆ ಸೆಸ್. ಅದನ್ನು ಕಟ್ಟಲೇಬೇಕು, ಮಾತಿಲ್ಲ. ಆದರೆ ಆ ಟ್ಯಾಕ್ಸ್ ಸಾಲಿನ ಕೆಳಗೇ, ಸರ್ಕಾರದ್ದೇ ಅನ್ನೋ ಹಾಗೆ "ಹ್ಯಾಂಡ್ಲಿಂಗ್ ಚಾರ್ಜ್", "ಎಸೆನ್ಶಿಯಲ್ ಕಿಟ್", "ಕೋಟಿಂಗ್" ಅಂತ ತುರುಕಿದ್ದರು. ಹ್ಯಾಂಡ್ಲಿಂಗ್ ಚಾರ್ಜ್ ಯಾವ ತೆರಿಗೆಯೂ ಅಲ್ಲ. ಇನ್ಶೂರೆನ್ಸ್ ಅವರದ್ದು 48 ಸಾವಿರ, ಅದೇ ಕವರೇಜ್ ಹೊರಗೆ 33 ಸಾವಿರ. ಹೊರಗೆ ಮಾಡಿಸುತ್ತೇನೆ ಅಂದೆ. "ಮಾಡಿಸಿ ಸರ್, ಆದ್ರೆ ಕ್ಯಾಶ್‌ಲೆಸ್ ಸಿಗಲ್ಲ, ಡೆಲಿವರಿನೂ ಲೇಟ್ ಆಗ್ಬಹುದು." ಡೆಲಿವರಿಗೂ ಇನ್ಶೂರೆನ್ಸ್ ಎಲ್ಲಿಂದ ತಂದೆ ಅನ್ನೋದಕ್ಕೂ ಏನು ಸಂಬಂಧ? ಅವರಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಹಟ ಹಿಡಿದೆ, ಹೊರಗೇ ಮಾಡಿಸಿದೆ. ಅಲ್ಲಿಂದ ಅವನ ಮುಖ ಬದಲಾಯಿತು, ಅಣ್ಣ ಹೋಗಿ ಬರೀ ಸರ್ ಆದೆ.

ಈಗ ಮುಖ್ಯ ವಿಷಯ. ಗಾಡಿ ತೋರಿಸಿ ಅಂತ ಕೇಳಿದೆ. ಮತ್ತೆ ಮತ್ತೆ ಕೇಳಿದೆ. "ಯಾರ್ಡ್ ಊರಾಚೆ ಇದೆ ಸರ್." "ಇವತ್ತು ಯಾರ್ಡ್‌ನಲ್ಲಿ ಜನ ಇಲ್ಲ ಸರ್." "ಪಿಡಿಐ, ಅಂದ್ರೆ ಡೆಲಿವರಿಗೆ ಮುಂಚಿನ ಚೆಕಿಂಗ್, ನಮ್ಮ ಟೆಕ್ನಿಷಿಯನ್ನೇ ಮಾಡ್ತಾರೆ, ನೀವ್ಯಾಕೆ ತೊಂದ್ರೆ ತಗೊಳ್ತೀರ." ಹಬ್ಬ ಹತ್ತಿರ ಬರುತ್ತಿತ್ತು, ಮನೆಯಲ್ಲಿ ಆಗಲೇ ನೆಂಟರಿಗೆಲ್ಲ ಹೇಳಿ ಆಗಿತ್ತು. ಒಂದು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಬರೀ ನಂಬರ್ ಪ್ಲೇಟ್. "ಕಂಗ್ರಾಟ್ಸ್ ಸರ್, ರಿಜಿಸ್ಟ್ರೇಷನ್ ಆಯ್ತು!"

ನಾನೂ ಖುಷಿಯಿಂದ ಎಲ್ಲರಿಗೂ ಅದನ್ನೇ ಫಾರ್ವರ್ಡ್ ಮಾಡಿದೆ. ಬೀಗ ಬಿದ್ದದ್ದೇ ಅಲ್ಲಿ. ಈಗ ಹೊಸ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕಾಗಿಲ್ಲ, ಡೀಲರೇ ಆನ್‌ಲೈನ್‌ನಲ್ಲಿ ರಿಜಿಸ್ಟ್ರೇಷನ್ ಮಾಡುತ್ತಾರೆ. ನಿಮ್ಮ ಹೆಸರಿಗೆ ನಂಬರ್ ಬಿತ್ತು ಅಂದರೆ ಆ ಗಾಡಿಯನ್ನು ಇನ್ನೊಬ್ಬರಿಗೆ ಹೊಸದು ಅಂತ ಮಾರಕ್ಕಾಗಲ್ಲ. ಹಾಗಾಗಿ ವಾಪಸ್ ತಗೊಳ್ಳಲ್ಲ. ನೋಡದ ಗಾಡಿ ನಿಮ್ಮದಾಗಿಹೋಗಿರುತ್ತದೆ.

ಹಬ್ಬದ ದಿನ ಪೂಜೆ ಆಯಿತು, ನಿಂಬೆಹಣ್ಣು ಹತ್ತಿಸಿದೆವು. ಮನೆಗೆ ಬಂದ ಮೇಲೆ ಭಾವ ಸುಮ್ನೆ ಸುತ್ತು ಹಾಕುತ್ತಾ ಟೈರ್ ಹತ್ತಿರ ಕೂತರು. ಟೈರ್ ಮೇಲೆ ನಾಲ್ಕು ಅಂಕಿ, 2125. 2025ರ 21ನೇ ವಾರ. ಬಾನೆಟ್ ತೆಗೆಸಿದರು. ವೈಪರ್ ಬುಡದ ಜಾಲರಿಯಲ್ಲಿ ಒಣಗಿ ಪುಡಿಯಾದ ಹೊಂಗೆ ಎಲೆ, ಅದರ ಕೆಳಗೆ ಕಪ್ಪಗೆ ಕೊಳೆತು ಅಂಟಿಕೊಂಡ ಇನ್ನೊಂದು ಪದರ. ಮೇಲೆಲ್ಲ ಪಾಲಿಶ್ ಹೊಡೆದವರು ಅಲ್ಲಿಗೆ ಕೈ ಹಾಕಿರಲಿಲ್ಲ. ಭಾವ ಏನೂ ಮಾತಾಡಲಿಲ್ಲ, ಎಲೆ ಎತ್ತಿ ನನ್ನ ಕೈಯಲ್ಲಿಟ್ಟರು. ನೆಂಟರೆಲ್ಲ ಸುತ್ತ ನಿಂತಿದ್ದರು. ಅಮ್ಮ ಒಳಗಿಂದ ಹೋಳಿಗೆ ತಟ್ಟೆ ಹಿಡಿದು "ಏನಾಯ್ತೋ?" ಅಂದರು. ಏನು ಹೇಳಲಿ? ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಅಲ್ಲಿಂದಲೇ ಫೋನ್ ಮಾಡಿದೆ. "ಟೈರ್ ಹಳೇದಿರುತ್ತೆ ಸರ್, ಗಾಡಿ ಹೊಸದು." ಸರಿ, ಟೈರ್ ಮುಂಚೆ ತಯಾರಾಗಿರಬಹುದು, ಒಪ್ಪೋಣ. ಫಾರ್ಮ್ 21 ತೆಗೆದೆ, ಅದೇ ಸೇಲ್ ಸರ್ಟಿಫಿಕೇಟ್. ತಯಾರಾದ ತಿಂಗಳು ಮತ್ತು ವರ್ಷ ಅಂತ ಒಂದು ಸಾಲು ಇರುತ್ತದೆ. 06/2025. ಫೋಟೋ ಹೊಡೆದು ಕಳಿಸಿದೆ. ಎರಡು ನೀಲಿ ಟಿಕ್. ಉತ್ತರ ಇಲ್ಲ.

ಹಬ್ಬ ಕಳೆದು ನಾನೇ ಹೋದೆ. ಹುಡುಗ ರಜೆ ಅಂತೆ. ಮ್ಯಾನೇಜರ್ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತಿದ್ದೇನೆ.

"ವಾರಂಟಿ ಡೆಲಿವರಿ ದಿನದಿಂದ ತಾನೇ ಶುರು, ನಿಮಗೇನು ಲಾಸ್?"

"ಪೇಪರ್ ಮೇಲೆ ನಿಮ್ಮದೇ ಸೈನ್ ಇದೆ ನೋಡಿ."

ಡೆಲಿವರಿ ದಿನ ಹೂವಿನ ಹಾರದ ಮಧ್ಯೆ ಒಂದು ಕಂತೆ ಕಾಗದ ಇಟ್ಟು, ಇಲ್ಲಿ ಸರ್, ಇಲ್ಲಿ ಸರ್ ಅಂತ ಬೆರಳು ತೋರಿಸಿ ಹಾಕಿಸಿಕೊಂಡ ಸೈನ್ ಅದು.

"ಕಂಪನಿಯಿಂದ ಬಂದ ಸ್ಟಾಕ್ ಸರ್ ಅದು, ನಾವೇನು ಮನೆಯಲ್ಲಿ ಮಾಡ್ತೀವಾ?"

ಹಾಗಾದರೆ ಹಳೇ ಸ್ಟಾಕಿನ ರೇಟ್ ಯಾಕೆ ಹಾಕಲಿಲ್ಲ ಅಂತ ಕೇಳಿದೆ. ಜನವರಿ ಬಂದರೆ ಹೋದ ವರ್ಷದ ಗಾಡಿಗೆ ಡಿಸ್ಕೌಂಟ್ ಕೊಟ್ಟು ಖಾಲಿ ಮಾಡುತ್ತಾರೆ, ಎಲ್ಲರಿಗೂ ಗೊತ್ತು. ಹೇಳಿ ಕೊಟ್ಟಿದ್ದರೆ ನಾನೇ ತಗೊಳ್ಳುತ್ತಿದ್ದೆನೋ ಏನೋ. ಅದಕ್ಕೆ ಅವರು "ಸರ್, ಬೇಕಾದ್ರೆ ಒಂದು ಸೆಟ್ ಮ್ಯಾಟ್ ಕೊಡ್ತೀವಿ" ಅಂದರು.

ಮ್ಯಾಟ್! ಎಂಟೂಕಾಲು ಲಕ್ಷದ ಗಾಡಿಯ ಒಂದು ವರ್ಷ ಹೋಯಿತು, ಅದಕ್ಕೆ ಮ್ಯಾಟ್! ನಾಳೆ ಮಾರಲು ಹೋದರೆ ಮೊದಲ ಪ್ರಶ್ನೆಯೇ "ಯಾವ ಮಾಡೆಲ್?" ಆರ್‌ಸಿಯಲ್ಲಿ ತಯಾರಾದ ವರ್ಷ 2025 ಅಂತ ಇರುವಾಗ 26ರಲ್ಲಿ ತಗೊಂಡಿದ್ದು ಅಂದರೆ ಯಾರು ಕೇಳುತ್ತಾರೆ?

ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದೆ. "ನಿಮ್ಮ ಅನಿಸಿಕೆಗೆ ಧನ್ಯವಾದ, ದಯವಿಟ್ಟು ಡೀಲರ್ ಜತೆ ಮಾತಾಡಿ." ಡೀಲರ್ ಮೇಲೇ ದೂರು ಕೊಟ್ಟರೆ ಡೀಲರ್ ಹತ್ರ ಹೋಗಿ ಅಂತಾರೆ.

ತಗೊಳ್ಳೋರು ಇಷ್ಟು ಮಾಡಿ. ಬುಕ್ ಮಾಡುವಾಗಲೇ ರಸೀದಿಯ ಮೇಲೆ "ಇಂಥ ವರ್ಷ, ಇಂಥ ತಿಂಗಳ ನಂತರ ತಯಾರಾದದ್ದು" ಅಂತ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಫುಲ್ ಪೇಮೆಂಟ್ ಮಾಡುವ ಮೊದಲು, ರಿಜಿಸ್ಟ್ರೇಷನ್‌ಗೆ ಹಾಕುವ ಮೊದಲು ಚಾಸಿ ನಂಬರ್ ಕೇಳಿ, ಯಾರ್ಡ್‌ಗೇ ಹೋಗಿ, ಗಾಡಿ ಮೇಲಿನ ನಂಬರ್ ಜತೆ ತಾಳೆ ನೋಡಿ. 17 ಅಕ್ಷರದ ಆ ನಂಬರಲ್ಲಿ ವರ್ಷದ ಗುರುತು ಇರುತ್ತದೆ, ಅದರ ಜಾಗ ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಗಾಡಿಯದ್ದು ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಟೈರ್ ನೋಡಿ, ಸೀಟ್ ಬೆಲ್ಟ್ ಬುಡದ ಲೇಬಲ್ ನೋಡಿ, ವೈಪರ್ ಬುಡ ಖಂಡಿತ ನೋಡಿ. ಹಬ್ಬದ ದಿನ ಅಂತ ಗಡಿಬಿಡಿ ಮಾಡಬೇಡಿ, ಮಾರ್ಚ್ ಅಂತೂ ಅವರಿಗೆ ಟಾರ್ಗೆಟ್ ತಿಂಗಳು. ಟೆಸ್ಟ್ ಡ್ರೈವ್‌ಗೆ ಮನೆಯವರೆಲ್ಲ ಹತ್ತಿ, ಅವರ ಕಾಫಿ ಆಮೇಲೆ ಕುಡಿಯಿರಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದರಿಂದ ಹತ್ತು ಲಕ್ಷದ ವ್ಯವಹಾರಕ್ಕೆ ಫೀಸು ಬರೀ 200 ರೂಪಾಯಿ, ಅವರ ಮ್ಯಾಟ್‌ಗಿಂತ ಕಡಿಮೆ.

ಮೊನ್ನೆ ಆ ಸೇಲ್ಸ್ ಹುಡುಗನೇ ಫೋನ್ ಮಾಡಿದ್ದ. ಇಷ್ಟು ದಿನ ಎತ್ತದವನು. "ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ ಅಣ್ಣ, 10ಕ್ಕೆ 10 ಕೊಟ್ಬಿಡಿ, ಇಲ್ಲಾಂದ್ರೆ ನನ್ನ ಇನ್ಸೆಂಟಿವ್ ಹೋಗುತ್ತೆ." ಮತ್ತೆ ಅಣ್ಣ! ಒಂದು ಕೊಟ್ಟೆ. ಅರ್ಧ ಗಂಟೆಯಲ್ಲಿ ಮ್ಯಾನೇಜರೇ ಫೋನ್ ಮಾಡಿ ಕೂತು ಮಾತಾಡೋಣ ಬನ್ನಿ ಸರ್ ಅಂದರು. ಏನು ಹೇಳಬೇಕೋ ಬರವಣಿಗೆಯಲ್ಲಿ ಕೊಡಿ ಅಂದಿದ್ದೇನೆ.