ಎಕ್ಸ್‌ಎಫ್‌ಎಸ್ ಹೆಲ್ತ್ ರಿಪೋರ್ಟ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಎಕ್ಸ್‌ಎಫ್‌ಎಸ್ ಎಂಬುದು ಲಿನಕ್ಸ್‌ನ ಒಂದು ಫೈಲ್‌ಸಿಸ್ಟಂ, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ. ಅದರ ಒಳರಚನೆಗಳು ಕೆಟ್ಟಿವೆಯೇ ಎಂದು ತಿಳಿಸುವ ಹೆಲ್ತ್ ರಿಪೋರ್ಟ್ ಲಿನಕ್ಸ್ 5.2ರಲ್ಲಿ (2019) ಬಂತು. ಈ ಸೌಲಭ್ಯದ ನಿಜವಾದ ಗುಣ ಅದರ ಪ್ರಾಮಾಣಿಕತೆ. ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಂನ ಮೂಲ ವಿವರ), ಫ್ರೀ ಸ್ಪೇಸ್ ಬಿ-ಟ್ರೀ (ಖಾಲಿ ಜಾಗದ ಸೂಚಿ), ಐನೋಡ್ ಬಿ-ಟ್ರೀ (ಐನೋಡ್, ಅಂದರೆ ಒಂದೊಂದು ಫೈಲ್‌ನ ವಿವರ ದಾಖಲೆ, ಇವುಗಳ ಸೂಚಿ) ಹೀಗೆ ಪ್ರತಿಯೊಂದು ರಚನೆಗೂ ಕರ್ನಲ್ (ಲಿನಕ್ಸ್‌ನ ತಿರುಳು) ಎರಡು ಗುರುತು ಇಡುತ್ತದೆ: ಪರೀಕ್ಷೆಯಾಗಿದೆಯೇ, ಕೆಟ್ಟಿದೆಯೇ. ಪರೀಕ್ಷಿಸದೇ ಇರುವುದನ್ನು 'ಸರಿ ಇದೆ' ಎಂದು ಅದು ಯಾವತ್ತೂ ಹೇಳುವುದಿಲ್ಲ.

ಈಗಷ್ಟೇ ಮೌಂಟ್ ಮಾಡಿದ (ಬಳಕೆಗೆ ಜೋಡಿಸಿದ) ಫೈಲ್‌ಸಿಸ್ಟಂ ಮೇಲೆ ಎಕ್ಸ್‌ಎಫ್‌ಎಸ್ ಸ್ಪೇಸ್‌ಮ್ಯಾನ್ ಎಂಬ ಸಾಧನದ ಹೆಲ್ತ್ ಕಮಾಂಡ್ ಓಡಿಸಿದರೆ, ಮಾಹಿತಿ ಇನ್ನೂ ಸಂಗ್ರಹವಾಗಿಲ್ಲ, ಮೊದಲು ಸ್ಕ್ರಬ್ (ಫೈಲ್‌ಸಿಸ್ಟಂ ಪರೀಕ್ಷಿಸುವ ಸಾಧನ) ಓಡಿಸಿ ಎಂಬ ಉತ್ತರ ಬರುತ್ತದೆ. ಅದನ್ನು ದೋಷವೆಂದು ತಿಳಿಯಬೇಡಿ. ಎನ್ ಆಯ್ಕೆ ಕೊಟ್ಟು ಎಕ್ಸ್‌ಎಫ್‌ಎಸ್ ಸ್ಕ್ರಬ್ ಓಡಿಸಿ (ಏನನ್ನೂ ತಿದ್ದದೆ ಬರೀ ಪರೀಕ್ಷಿಸುತ್ತದೆ), ಆಮೇಲೆ ಮತ್ತೆ ಕೇಳಿದರೆ ಅಲೊಕೇಶನ್ ಗ್ರೂಪ್‌ವಾರು (ಎಕ್ಸ್‌ಎಫ್‌ಎಸ್ ಡಿಸ್ಕ್ ಜಾಗವನ್ನು ವಿಂಗಡಿಸಿದ ಭಾಗಗಳಿವು) ಸಾಲುಸಾಲಾಗಿ ವರದಿ ಸಿಗುತ್ತದೆ. ಹೆಲ್ತ್ ಕಮಾಂಡ್‌ನ ಕ್ಯೂ ಆಯ್ಕೆ ಕೆಟ್ಟ ಸಾಲುಗಳನ್ನಷ್ಟೇ ತೋರಿಸುತ್ತದೆ. ಕ್ರಾನ್‌ಗೆ (ನಿಗದಿತ ಹೊತ್ತಿಗೆ ಕೆಲಸ ತಾನಾಗಿ ಓಡಿಸುವ ವ್ಯವಸ್ಥೆ) ಹಾಕಲು ಅನುಕೂಲ ನಿಜ, ಆದರೆ ಏನೂ ಬರಲಿಲ್ಲವೆಂದು ಎಲ್ಲ ಚೆನ್ನಾಗಿದೆ ಎಂದುಕೊಳ್ಳಬಾರದು. ಸ್ಕ್ರಬ್‌ನ ಎಕ್ಸಿಟ್ ಕೋಡ್ (ಮುಗಿದಾಗ ಅದು ಕೊಡುವ ಸಂಖ್ಯೆ) ಕೂಡ ನೋಡಲೇಬೇಕು: 1ರ ಬಿಟ್ ಇದ್ದರೆ ಸರಿಯಾಗದ ದೋಷ ಉಳಿದಿದೆ, 4ರ ಬಿಟ್ ಇದ್ದರೆ ಪರೀಕ್ಷೆಯೇ ಅರ್ಧಕ್ಕೆ ಎಡವಿದೆ.

ದೊಡ್ಡ ಕೊರತೆ ಒಂದೇ. ಈ ಗುರುತುಗಳೆಲ್ಲ ಮೆಮೊರಿಯಲ್ಲಿ ಮಾತ್ರ ಇರುತ್ತವೆ, ಅನ್‌ಮೌಂಟ್ ಆದರೆ ಅಳಿಸಿಹೋಗುತ್ತವೆ. ದೋಷ ಉಳಿದಿದ್ದರೆ ಅನ್‌ಮೌಂಟ್ ಆಗುವಾಗ ಕರ್ನಲ್ ತನ್ನ ಲಾಗ್‌ನಲ್ಲಿ ರಿಪೇರ್ ಮಾಡಿ ಎಂದು ಒಂದು ಸಾಲು ಬರೆಯುತ್ತದೆ, ಅಷ್ಟೇ. ಹಾಗಾಗಿ ಹೆಲ್ತ್ ಔಟ್‌ಪುಟ್ ಮತ್ತು ಕರ್ನಲ್ ಲಾಗ್ ಎರಡನ್ನೂ ಬೇರೆ ಡಿಸ್ಕ್‌ಗೆ ತಾರೀಖಿನೊಂದಿಗೆ ಉಳಿಸಿಡಿ. ಇಲ್ಲದಿದ್ದರೆ ರೀಬೂಟ್ ಆದಮೇಲೆ ಯಾವ ಗ್ರೂಪ್ ಕೆಟ್ಟಿತ್ತು ಎಂಬುದಕ್ಕೆ ಸುಳಿವೇ ಉಳಿಯುವುದಿಲ್ಲ.

ಕರ್ನಲ್ 6.9ರಿಂದ ಪರಿಸ್ಥಿತಿ ಬಹಳ ಸುಧಾರಿಸಿದೆ. ಮೊದಲು ಸ್ಕ್ರಬ್ ಕಂಡುಹಿಡಿದದ್ದು ಮಾತ್ರ ದಾಖಲಾಗುತ್ತಿತ್ತು. ಈಗ ಮಾಮೂಲಿ ಓದು-ಬರಹದ ನಡುವೆ ಸಿಕ್ಕ ದೋಷವೂ ಗುರುತಾಗುತ್ತದೆ. ಕೆಟ್ಟ ಐನೋಡ್ ಮೆಮೊರಿಯಿಂದ ಹೊರಬಿದ್ದರೂ ಅದರ ಗ್ರೂಪ್‌ನ ಮೇಲೆ ಗುರುತು ಉಳಿಯುತ್ತದೆ. ಮೌಂಟ್ ಆಗಿರುವಾಗಲೇ ರಿಪೇರಿ ಮಾಡುವ ಆಸೆ ಇದ್ದರೆ ರಿವರ್ಸ್ ಮ್ಯಾಪಿಂಗ್ (ಡಿಸ್ಕ್‌ನ ಯಾವ ಜಾಗ ಯಾರದು ಎಂಬ ಸೂಚಿ) ಅನ್ನು ಫಾರ್ಮ್ಯಾಟ್ ಮಾಡುವಾಗಲೇ ಹಾಕಿಕೊಳ್ಳಿ.

'ಅನ್‌ಹೆಲ್ದಿ' ಎಂದು ಬಂದಾಗ ಆತುರ ಬೇಡ. ಮೊದಲು ಬ್ಯಾಕಪ್. ಆಮೇಲೆ ಅನ್‌ಮೌಂಟ್ ಮಾಡಿ, ಮೆಟಾಡಂಪ್ (ಒಳರಚನೆಗಳ ಮಾಹಿತಿಯ ಪ್ರತಿ) ತೆಗೆದಿಟ್ಟು, ಎಕ್ಸ್‌ಎಫ್‌ಎಸ್ ರಿಪೇರ್ ಅನ್ನು ಎನ್ ಆಯ್ಕೆಯೊಂದಿಗೆ ಓಡಿಸಿ (ಇಲ್ಲೂ ಬರೀ ಪರೀಕ್ಷೆ). ಯಂತ್ರ ಏಕಾಏಕಿ ನಿಂತು ಫೈಲ್‌ಸಿಸ್ಟಂನ ಸ್ವಂತ ಲಾಗ್ (ಬದಲಾವಣೆಗಳ ದಾಖಲೆ; ಕರ್ನಲ್ ಲಾಗ್ ಅಲ್ಲ) ಬಾಕಿ ಉಳಿದಿದ್ದರೆ ಇಲ್ಲದ ದೋಷಗಳನ್ನೂ ಅದು ತೋರಿಸುತ್ತದೆ, ಹಾಗಿದ್ದಾಗ ಒಮ್ಮೆ ಮೌಂಟ್ ಮಾಡಿ ಲಾಗ್ ರೀಪ್ಲೇ ಆಗಲು ಬಿಡಿ. ರಿಪೇರ್‌ನ ದೊಡ್ಡಕ್ಷರದ ಎಲ್ ಆಯ್ಕೆ ಈ ಲಾಗ್ ಅನ್ನೇ ಅಳಿಸಿಹಾಕುತ್ತದೆ, ಮೌಂಟ್ ಆಗಲೇ ಇಲ್ಲವೆಂದಾಗ ಮಾತ್ರ ಅದನ್ನು ಮುಟ್ಟಿ.