ಎರಡು ಜೂಮ್ ಲೆನ್ಸೋ, ಸ್ಲೈಡರ್ ಮೇಲೆ ಒಂದೇ ಕ್ಯಾಮೆರಾನೋ?

ಮೊದಲೇ ಹೇಳಿಬಿಡ್ತೀನಿ, ಸ್ಟೀರಿಯೋ ಫೋಟೋಗೆ, ಅಂದರೆ ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ ಕಾಣಿಸೋ ಫೋಟೋಗೆ, ನನ್ನ ಓಟು ಒಂದೇ ಕ್ಯಾಮೆರಾ, 35 ಮಿ.ಮೀ. ಪ್ರೈಮ್ (ಜೂಮ್ ಆಗದ) ಲೆನ್ಸ್ ಮತ್ತು ಟ್ರೈಪಾಡ್ ಮೇಲಿನ ಸ್ಲೈಡರ್‌ಗೆ. ಎಡಗಣ್ಣಿನ ಚಿತ್ರ ತೆಗೆದು, ಕ್ಯಾಮೆರಾನ 70 ಮಿ.ಮೀ. ಬಲಕ್ಕೆ ಜರುಗಿಸಿ ಬಲಗಣ್ಣಿನದನ್ನು ತೆಗೆಯೋದು. ಇಲ್ಲಿಗೆ ಬರುವ ಮೊದಲು ಎರಡನೇ ಕ್ಯಾಮೆರಾ ಬಾಡಿ, ಎರಡನೇ 24-70 ಮಿ.ಮೀ. ಜೂಮ್ ಕೊಂಡು, ಎರಡು ಕ್ಯಾಮೆರಾನೂ ಪಕ್ಕಪಕ್ಕ ಇಟ್ಟು ಒಂದು ವರ್ಷ ಒದ್ದಾಡಿದ್ದೀನಿ.

ಒಂದೇ ಮಾದರಿಯ ಆ ಎರಡು ಜೂಮ್‌ಗಳು ಒಂದು ದಿನವೂ ಒಂದೇ ಅಳತೆಗೆ ನಿಲ್ಲಲಿಲ್ಲ. ಎರಡರ ರಿಂಗನ್ನೂ 35ರ ಗುರುತಿಗೇ ತಂದಿರ್ತೀನಿ, ಆದರೂ ಒಂದು 35ರಲ್ಲಿದ್ದರೆ ಇನ್ನೊಂದು 34ರ ಹತ್ತಿರ. ಹೆಚ್ಚುಕಡಿಮೆ ಶೇ. 3ರ ವ್ಯತ್ಯಾಸ. 4000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಮೇಲಂಚು ತಲುಪುವಷ್ಟರಲ್ಲಿ ಅದು ಸುಮಾರು 60 ಪಿಕ್ಸೆಲ್ ಆಗಿಬಿಡುತ್ತೆ. ಎರಡು ಚಿತ್ರಗಳ ನಡುವೆ ಒಂದೇ ವಸ್ತು ಅಡ್ಡಡ್ಡ ಪಲ್ಲಟವಾದರೆ ಕಣ್ಣು ಅದನ್ನು ಆಳ ಅಂತ ಓದಿಕೊಳ್ಳುತ್ತೆ, ಮೇಲೆ ಕೆಳಗಿನ ಪಲ್ಲಟವನ್ನು ಮಾತ್ರ ಸಹಿಸಲ್ಲ. ಒಂದು ಮರದ ಬೊಡ್ಡೆಯ ಫೋಟೋ ತೆಗೆದಿದ್ದೆ. ಎರಡೂ ಚಿತ್ರ ಸೇರಿಸಿ ಒಂದಾಗಿ ಕಾಣಿಸೋ ವ್ಯೂವರ್‌ನಲ್ಲಿ ನಡುವಿನ ತೊಗಟೆಯ ಸೀಳು ಬೆರಳು ತೂರಿಸಬಹುದು ಅನ್ನೋ ಹಾಗೆ ಕಂಡಿತು. ಮೇಲಿನ ಕೊಂಬೆಗೆ ದೃಷ್ಟಿ ಹೋಯಿತೋ, ಎಲೆಗಳೆಲ್ಲ ಎರಡೆರಡು, ಹುಬ್ಬಿನ ನಡುವೆ ಜಗ್ಗಿದ ಹಾಗೆ ನೋವು.

ರಿಂಗಿಗೆ ಟೇಪ್ ಸುತ್ತಿದೆ. ಕೆಳಮುಖ ಮಾಡಿದಾಗ ಆಗಲೂ ಕೂದಲೆಳೆಯಷ್ಟು ಜರುಗುತ್ತಿತ್ತು. ಆಟೋಫೋಕಸ್ ಇನ್ನೊಂದು ತಾಪತ್ರಯ: ಎರಡೂ ಬೇರೆ ಬೇರೆ ಕಡೆ ಫೋಕಸ್ ಹಿಡಿದರೆ ಚಿತ್ರದ ಗಾತ್ರ ಮತ್ತೆ ಬದಲಾಗುತ್ತೆ. ಉಚಿತವಾಗಿ ಸಿಗುವ ಸ್ಟೀರಿಯೋಫೋಟೋ ಮೇಕರ್ ತಂತ್ರಾಂಶ ಗಾತ್ರ, ಓರೆ ಎಲ್ಲವನ್ನೂ ಹೊಂದಿಸಿಕೊಡುತ್ತೆ, ನಿಜ. ಆದರೆ ಹೊಂದಿಸಿದಷ್ಟೂ ಅಂಚು ಕತ್ತರಿಸಬೇಕು, ನನಗೋ ಅಂಚಿನವರೆಗೂ ತುಂಬಿಸಿ ತೆಗೆಯೋ ಅಭ್ಯಾಸ.

ಅಂತರದ ವಿಷಯದಲ್ಲೂ ಜೋಡಿ ಕ್ಯಾಮೆರಾ ಸೋತಿತು. ನನ್ನ ಬಾಡಿಗಳನ್ನು ಪಕ್ಕಪಕ್ಕ ಒತ್ತಿ ಇಟ್ಟರೂ ಲೆನ್ಸ್‌ಗಳ ನಡುವೆ 140 ಮಿ.ಮೀ. ಆಗುತ್ತಿತ್ತು. ಅತಿ ಹತ್ತಿರದ ವಸ್ತು ಅಂತರದ 30 ಪಟ್ಟು ದೂರ ಇರಬೇಕು ಅನ್ನೋ ಹಳೇ ಲೆಕ್ಕ ಹಿಡಿದರೆ 4.2 ಮೀಟರ್ ಹಿಂದೆ ನಿಲ್ಲಬೇಕು. 70 ಮಿ.ಮೀ.ಗೆ 2.1 ಮೀಟರ್ ಸಾಕು. 1947ರಲ್ಲಿ ಬಂದ ಸ್ಟೀರಿಯೋ ರಿಯಲಿಸ್ಟ್ ಕ್ಯಾಮೆರಾದಲ್ಲೂ ಇದೇ 35 ಮಿ.ಮೀ. ಲೆನ್ಸ್, 70 ಮಿ.ಮೀ. ಅಂತರ. ಸ್ಲೈಡರ್ ಆದರೆ ಒಂದು ಮೀಟರ್ ದೂರದ ಅಣಬೆಗೆ 33 ಮಿ.ಮೀ. ಮಾತ್ರ ಜರುಗಿಸಿದರೂ ಆಯಿತು. ಜರುಗಿಸುವಾಗ ಕ್ಯಾಮೆರಾನ ಒಳಮುಖವಾಗಿ ತಿರುಗಿಸಬೇಡಿ, ನೇರವಾಗಿಯೇ ಇರಲಿ.

85 ಮಿ.ಮೀ. ಲೆನ್ಸ್ ಕೂಡ ಹಾಕಿ ನೋಡಿದೆ. ಅಷ್ಟೇ ದೂರ, ಅಷ್ಟೇ ಅಂತರದಲ್ಲಿ ಪಲ್ಲಟ ಸುಮಾರು ಎರಡೂವರೆ ಪಟ್ಟಾಗಿ ಕಣ್ಣು ದಣಿಯಿತು. ಹಿಂದೆ ಸರಿದು ತೆಗೆದರೆ ಬೊಡ್ಡೆ ದುಂಡಗೆ ಕಾಣದೆ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗಾಯಿತು. 20 ಮಿ.ಮೀ.ನಲ್ಲಿ ಆಳ ಭರ್ಜರಿ, ಅಂಚಿನ ಕಲ್ಲುಗಳು ಮಾತ್ರ ಎಳೆದ ಹಾಗೆ.

ಸ್ಲೈಡರ್‌ನ ಶತ್ರು ಗಾಳಿ. ಎಡ, ಬಲದ ನಡುವೆ ಐದಾರು ಸೆಕೆಂಡ್ ಹಿಡಿಯುತ್ತೆ, ಅಷ್ಟರಲ್ಲಿ ಎಲೆ ಅಲುಗಿದರೆ ಆ ಜೋಡಿ ಕೆಟ್ಟಿತು. ನಾನು ತೆಗೆಯೋದು ಬೊಡ್ಡೆ, ಬಂಡೆ, ತುಕ್ಕು ಹಿಡಿದ ಯಂತ್ರಗಳು, ಅದೂ ಗಾಳಿ ಏಳುವ ಮುಂಚಿನ ಬೆಳಗಿನಲ್ಲಿ, ಹಾಗಾಗಿ ಕಷ್ಟ ಕಡಿಮೆ. ಮಕ್ಕಳು, ಹಕ್ಕಿ ಅಂದರೆ ಎರಡು ಕ್ಯಾಮೆರಾ ಬೇಕೇ ಬೇಕು. ಆಗಲೂ ಜೂಮ್ ಬೇಡ, ಒಂದೇ ಮಾದರಿಯ ಎರಡು ಪ್ರೈಮ್ ಕೊಂಡು ಫೋಕಸ್ ಕೈಯಲ್ಲೇ ಮಾಡಿ.

ಎರಡನೇ ಬಾಡಿ, ಎರಡೂ ಜೂಮ್ ಮಾರಿದೆ. ಆ ದುಡ್ಡಲ್ಲೇ ಪ್ರೈಮ್, ಸ್ಲೈಡರ್ ಎರಡೂ ಬಂದವು. ಮೊನ್ನೆ ಅದೇ ಮರದ ಹತ್ತಿರ ಹೋಗಿ ಅದೇ ಬೊಡ್ಡೆ ತೆಗೆದೆ. ಈ ಸಲ ಮೇಲಂಚಿನ ಎಲೆಗಳೂ ಒಂದೊಂದಾಗಿಯೇ ಕಂಡವು.