ಗೋಡೆ ಮೇಲಿನ ಸರ್ಟಿಫಿಕೇಟ್ ನಂಬಿ ಆರ್ಗ್ಯಾನಿಕ್ ಸಾಮಾನು ಕೊಳ್ಳಬೇಡಿ

ನಿಮ್ಮ ಊರಲ್ಲಿ ಸಾವಯವ ಅಂಗಡಿ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ. ನನಗಾದ ಮೋಸ ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಅಂಗಡಿ ಇದೆ. ಹೆಸರು ಬೇಡ. ಮೊಬೈಲ್ ಮ್ಯಾಪಿನಲ್ಲಿ ಆರ್ಗ್ಯಾನಿಕ್ ಸ್ಟೋರ್ ಅಂತ ಹುಡುಕಿದರೆ ಮೊದಲು ಬರುವುದು ಅದೇ. ಒಳಗೆ ಸಾಲಾಗಿ ದೊಡ್ಡ ಗಾಜಿನ ಜಾಡಿಗಳು. ನಿಮ್ಮ ಡಬ್ಬಿ ತಂದು ಬೇಕಾದಷ್ಟು ತೂಕ ಹಾಕಿಸಿಕೊಳ್ಳಬಹುದು, ಪ್ಲಾಸ್ಟಿಕ್ ಕವರಿನ ಗೊಡವೆ ಇಲ್ಲ. ಕೌಂಟರಿನ ಹಿಂದೆ ಫ್ರೇಮ್ ಹಾಕಿದ ಸರ್ಟಿಫಿಕೇಟ್. ದರ ಮಾಮೂಲಿ ಅಂಗಡಿಗಿಂತ ತುಂಬಾ ಜಾಸ್ತಿ. ಆದರೂ ರಾಸಾಯನಿಕ ಹಾಕದೆ ಕಷ್ಟಪಟ್ಟು ಬೆಳೆಯುವ ರೈತರಿಗೆ ಹೋಗುತ್ತದಲ್ವಾ ಅಂತ ಕೊಡುತ್ತಿದ್ದೆ.

ಒಂದು ದಿನ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿದ್ದೆ. ಕೆಲಸದ ಹುಡುಗ ಜಾಡಿಗಳಿಗೆ ಧಾನ್ಯ ತುಂಬುತ್ತಿದ್ದ. ಅವನ ಕಾಲ ಬಳಿ ಇದ್ದ ಮೂಟೆಯ ಮೇಲೆ ಒಬ್ಬ ಸಗಟು ವ್ಯಾಪಾರಿಯ ಹೆಸರು, ತೂಕ, ಪ್ಯಾಕ್ ಮಾಡಿದ ತಾರೀಖು ಇತ್ತು. ಸಾವಯವ ಅನ್ನುವ ಮಾತು ಎಲ್ಲೂ ಇಲ್ಲ. ಯಾವ ಗುರುತೂ ಇಲ್ಲ. ಜಾಡಿಗೆ ಕಟ್ಟಿದ್ದ ಚೀಟಿಯಲ್ಲಿ ಮಾತ್ರ ಅಂದವಾದ ಕೈಬರಹದಲ್ಲಿ 'ನೂರಕ್ಕೆ ನೂರು ಆರ್ಗ್ಯಾನಿಕ್'. ಜಾಡಿಯ ತಳದಲ್ಲಿ ಹಳೇ ಕಾಳು ಉಳಿದಿತ್ತು. ಅದರ ಮೇಲೇ ಹೊಸದನ್ನು ಸುರಿದ.

ಮಾಲೀಕರನ್ನು ಕೇಳಿದೆ. "ಮಾಲು ನಮ್ಮ ರೈತರದ್ದೇ ಮೇಡಂ, ಚೀಲ ಮಾತ್ರ ಬೇರೆಯವರದ್ದು" ಅಂದರು. ಯಾವ ರೈತರು, ಯಾವ ಊರಿನವರು ಅಂದೆ. ಅದಕ್ಕೆ ಉತ್ತರ ಬರಲಿಲ್ಲ. ಗೋಡೆಯ ಕಡೆ ಕೈ ತೋರಿಸಿದರು. ಹತ್ತಿರ ಹೋಗಿ ಸರ್ಟಿಫಿಕೇಟನ್ನು ಪೂರ್ತಿ ಓದಿದೆ. ಅದು ಅಂಗಡಿಯ ಹೆಸರಲ್ಲಿ ಇರಲಿಲ್ಲ, ಯಾವುದೋ ರೈತರ ಗುಂಪಿಗೆ ಕೊಟ್ಟದ್ದು. ಅವಧಿ ಮುಗಿದಿತ್ತು. ಕೆಳಗೆ ಬೆಳೆಗಳ ಪಟ್ಟಿ ಇತ್ತು. ಹುಡುಗ ಸುರಿಯುತ್ತಿದ್ದ ಧಾನ್ಯ ಆ ಪಟ್ಟಿಯಲ್ಲೇ ಇರಲಿಲ್ಲ.

ಸಾವಯವ ಸರ್ಟಿಫಿಕೇಟ್ ಅಂದರೆ ಅಂಗಡಿಗೆ ಸಿಕ್ಕ ಬಿರುದಲ್ಲ. ಯಾರ ಜಮೀನು ಅಥವಾ ಯಾವ ಘಟಕ, ಯಾವ ಬೆಳೆ, ಎಲ್ಲಿಯವರೆಗೆ ಅನ್ನುವುದಕ್ಕೆ ಮಾತ್ರ ಅದು ಅನ್ವಯ. ಈ ಮೂರರಲ್ಲಿ ಒಂದು ತಪ್ಪಿದರೂ ನಿಮ್ಮ ಕೈಯಲ್ಲಿರುವ ಸಾಮಾನಿಗೂ ಆ ಕಾಗದಕ್ಕೂ ಸಂಬಂಧ ಇಲ್ಲ. ಇನ್ನೊಂದು ವಿಷಯ. ಚಿಲ್ಲರೆ ಅಂಗಡಿಗಳು ಸರ್ಟಿಫಿಕೇಟ್ ಪಡೆಯಲೇಬೇಕು ಅಂತ ಎಲ್ಲ ಕಡೆ ಇಲ್ಲ. ಅಮೆರಿಕದ ನಿಯಮವೂ ಅವಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಸಾವಯವ ಮಾಲನ್ನು ಬೇರೆ ಮಾಲಿನ ಜೊತೆ ಬೆರೆಸಬಾರದು, ಎಲ್ಲಿಂದ ಬಂತು ಅನ್ನುವ ದಾಖಲೆ ಇಟ್ಟಿರಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಹಾಗಾಗಿ ಅಂಗಡಿಗೆ ಸರ್ಟಿಫಿಕೇಟ್ ಇಲ್ಲದಿರುವುದು ತಪ್ಪಲ್ಲ. ಮೂಟೆ ಎಲ್ಲಿಂದ ಬಂತು ಅಂದರೆ ತೋರಿಸಲು ಒಂದು ಚೀಟಿಯೂ ಇಲ್ಲದಿರುವುದು ತಪ್ಪು.

ಅದಕ್ಕೇ ಬಿಡಿ ಸಾಮಾನಿನ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಪ್ಯಾಕೆಟ್ ಆದರೆ ಮೇಲೆ ಗುರುತು ಇರುತ್ತದೆ. ಯುರೋಪಿನ ನಕ್ಷತ್ರಗಳ ಎಲೆ ಗುರುತು, ಅಮೆರಿಕದ ಕೃಷಿ ಇಲಾಖೆಯ ಯುಎಸ್‌ಡಿಎ ಆರ್ಗ್ಯಾನಿಕ್, ಭಾರತದ ಜೈವಿಕ್ ಭಾರತ್, ಹೀಗೆ. ಯುರೋಪ್ ಮತ್ತು ಅಮೆರಿಕದ ಈ ಗುರುತು ಹಾಕಬೇಕಾದರೆ ಕೃಷಿ ಮೂಲದ ಪದಾರ್ಥಗಳಲ್ಲಿ ಕನಿಷ್ಠ ಶೇ. 95 ಸಾವಯವ ಆಗಿರಬೇಕು. ಗುರುತಿನ ಹತ್ತಿರ ತಪಾಸಣೆ ಮಾಡಿದ ಸಂಸ್ಥೆಯ ಹೆಸರು ಅಥವಾ ಕೋಡ್ ಇರುತ್ತದೆ. ಅದನ್ನು ಹಿಡಿದು ಹುಡುಕಬಹುದು. ಸರ್ಟಿಫಿಕೇಟ್ ಪಡೆದವರ ಪಟ್ಟಿ ಇರುವ ಅಮೆರಿಕದ ಆರ್ಗ್ಯಾನಿಕ್ ಇಂಟೆಗ್ರಿಟಿ ಡೇಟಾಬೇಸ್ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಹತ್ತಿ ಬಟ್ಟೆಗೆ ಸಾವಯವ ನಾರಿನ ಗಾಟ್ಸ್ ಗುರುತು, ಮರ ಮತ್ತು ಕಾಗದಕ್ಕೆ ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡದ್ದಕ್ಕೆ ಕೊಡುವ ಎಫ್‌ಎಸ್‌ಸಿ ಗುರುತು ಇದ್ದರೆ ಅವನ್ನೂ ಅವರವರ ಜಾಲತಾಣದಲ್ಲೇ ನೋಡಬಹುದು. ಜಾಡಿಯಲ್ಲಿರುವ ಧಾನ್ಯಕ್ಕೆ ಇದ್ಯಾವುದೂ ಇಲ್ಲ. ಅಲ್ಲಿ ಮಾಲೀಕರ ಮಾತೇ ಸಾಕ್ಷಿ.

ಅದೇ ಅಂಗಡಿಯಿಂದ ಕಸದ ಡಬ್ಬಿಗೆ ಹಾಕುವ ಹಸಿರು ಕವರುಗಳನ್ನೂ ತರುತ್ತಿದ್ದೆ. ಮೇಲೆ ಎಲೆಯ ಚಿತ್ರ, ಬಯೋಡಿಗ್ರೇಡಬಲ್ ಅನ್ನುವ ದಪ್ಪ ಅಕ್ಷರ. ಅಡುಗೆಮನೆಯ ಹಸಿ ಕಸದ ಜೊತೆ ಕವರನ್ನೂ ಕಾಂಪೋಸ್ಟ್ ಡಬ್ಬಿಗೆ ಹಾಕುತ್ತಿದ್ದೆ. ತಿಂಗಳುಗಳ ನಂತರ ಗೊಬ್ಬರ ಜರಡಿ ಹಿಡಿದಾಗ ಜರಡಿಯಲ್ಲಿ ಉಗುರಗಲದ ಹಸಿರು ಚೂರುಗಳು ಉಳಿದವು. ಬೆರಳಿಂದ ಎಳೆದರೆ ಹಿಗ್ಗುತ್ತಿದ್ದವು. ಕರಗಿರಲಿಲ್ಲ, ಸುಮ್ನೆ ಹರಿದು ಚೂರಾಗಿದ್ದವು ಅಷ್ಟೇ. ಕೈಗೆ ಸಿಕ್ಕದಷ್ಟು ಸಣ್ಣವು ಆಗಲೇ ಗಿಡಗಳ ಮಣ್ಣಿಗೆ ಸೇರಿಹೋಗಿವೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇದಕ್ಕೆ.

ಬಯೋಡಿಗ್ರೇಡಬಲ್ ಅಂತ ಬರೆದ ಮಾತ್ರಕ್ಕೆ ಎಷ್ಟು ದಿನದಲ್ಲಿ, ಎಲ್ಲಿ, ಯಾವ ಬಿಸಿಯಲ್ಲಿ ಕರಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. 3 ವರ್ಷ ಮಣ್ಣಲ್ಲಿ ಹೂತಿಟ್ಟಿದ್ದ, ಬಯೋಡಿಗ್ರೇಡಬಲ್ ಅಂತ ಮಾರಿದ ಚೀಲದಲ್ಲಿ ಆಮೇಲೂ ಸಾಮಾನು ಹೊರಬಹುದಾಗಿತ್ತು. ಪ್ಲಾಸ್ಟಿಕ್ಕಿಗೆ ಏನೋ ಬೆರೆಸಿ ಬೇಗ ಚೂರಾಗುವಂತೆ ಮಾಡಿದ ಆಕ್ಸೊ ಡಿಗ್ರೇಡಬಲ್ ಸಾಮಾನುಗಳನ್ನು ಯುರೋಪಿಯನ್ ಯೂನಿಯನ್ 2021ರ ಜುಲೈನಿಂದ ಮಾರಾಟಕ್ಕೇ ಬಿಡುತ್ತಿಲ್ಲ.

ಕಾಂಪೋಸ್ಟಬಲ್ ಅಂತ ಇದ್ದರೆ ಪಕ್ಕದಲ್ಲಿ ಇಎನ್ 13432 ಅಥವಾ ಎಎಸ್‌ಟಿಎಂ ಡಿ6400 ಇದೆಯಾ ನೋಡಿ. ಇದ್ದರೂ ಪೂರ್ತಿ ನಿಶ್ಚಿಂತೆ ಇಲ್ಲ. ಇವೆರಡೂ ದೊಡ್ಡ ಕಾಂಪೋಸ್ಟ್ ಘಟಕಗಳಿಗೆ ಮಾಡಿದ ಮಾನದಂಡಗಳು. ಅಲ್ಲಿ ಸುಮಾರು 58 ಡಿಗ್ರಿ ಬಿಸಿ ಹಿಡಿದಿಡುತ್ತಾರೆ. ಮನೆಯ ಡಬ್ಬಿಯಲ್ಲಿ ಅಷ್ಟು ಬಿಸಿ ದಿನಗಟ್ಟಲೆ ನಿಲ್ಲುವುದು ಅಪರೂಪ. ಅಂಥ ಘಟಕ ನಿಮ್ಮ ಊರಲ್ಲಿ ಇಲ್ಲದಿದ್ದರೆ ಆ ಕವರಿಗೆ ದುಬಾರಿ ದುಡ್ಡು ಕೊಡಬೇಡಿ. ಮನೆಯ ಕಾಂಪೋಸ್ಟಿಗೆ ಸರಿಹೋಗುತ್ತದೆ ಅಂತ ಪ್ರತ್ಯೇಕವಾಗಿ ಸರ್ಟಿಫಿಕೇಟ್ ಪಡೆದದ್ದು ಸಿಕ್ಕರೆ ಮಾತ್ರ ತನ್ನಿ. ಇಲ್ಲವೇ ಹಳೇ ಪೇಪರ್ ಹಾಸಿದರೆ ಸಾಕು.

ಅಲ್ಲಿ ಬಿದಿರಿನ ನಾರಿನ ಕಪ್ಪುಗಳೂ ಇದ್ದವು. ಇವು ಇಡೀ ಬಿದಿರನ್ನು ಕೊರೆದು ಮಾಡಿದವಲ್ಲ. ಬಿದಿರಿನ ಪುಡಿಯನ್ನು ಮೆಲಮೈನ್ ಅಂಟಿನಲ್ಲಿ ಕಲಸಿ ಅಚ್ಚು ಹಾಕಿದವು. ಬಿಸಿ ಪಾನೀಯ ಹಾಕಿದರೆ ಫಾರ್ಮಾಲ್ಡಿಹೈಡ್ ಮತ್ತು ಮೆಲಮೈನ್ ಅನ್ನುವ ಹಾನಿಕರ ರಾಸಾಯನಿಕಗಳನ್ನು ಬಿಡುತ್ತವೆ ಅಂತ ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಬಿಎಫ್‌ಆರ್ 2019ರಲ್ಲೇ ಎಚ್ಚರಿಸಿದೆ. ಅಂಥ ಕಪ್ಪು ಮನೆಯಲ್ಲಿದ್ದರೆ ಪೆನ್ನು ಹಾಕಿಡಿ, ಬಿಸಿಯಾದದ್ದು ಕುಡಿಯಬೇಡಿ. ಮಕ್ಕಳಿಗಂತೂ ಕೊಡಲೇಬೇಡಿ.

ಇದೆಲ್ಲ ಓದಿ ಸಾವಯವವೇ ಮೋಸ ಅಂದುಕೊಳ್ಳಬೇಡಿ, ದಯವಿಟ್ಟು. ಪ್ರಾಮಾಣಿಕವಾಗಿ ಬೆಳೆಯುವವರು ಬೇಕಾದಷ್ಟು ಜನ ಇದ್ದಾರೆ, ಇಂಥ ಅಂಗಡಿಗಳಿಂದ ಪೆಟ್ಟು ತಿನ್ನುವವರೂ ಅವರೇ. ಸಣ್ಣ ರೈತರಿಗೆ ಸರ್ಟಿಫಿಕೇಟಿನ ಖರ್ಚು ಭರಿಸುವುದು ಕಷ್ಟ. ಅದಕ್ಕಾಗಿ ಪಿಜಿಎಸ್ ಅನ್ನುವ ಪದ್ಧತಿ ಹಲವು ದೇಶಗಳಲ್ಲಿ ಇದೆ. ಅದರಲ್ಲಿ ಊರಿನ ರೈತರೇ ಒಬ್ಬರ ಜಮೀನನ್ನು ಇನ್ನೊಬ್ಬರು ಹೋಗಿ ಪರೀಕ್ಷಿಸುತ್ತಾರೆ, ಕೊಳ್ಳುವವರೂ ಜೊತೆ ಹೋಗಬಹುದು. ಹಾಗಾಗಿ ಅಂಗಡಿ ಹುಡುಕುವ ಬದಲು ಬೆಳೆಯುವವರನ್ನು ಹುಡುಕಿ. ವಾರದ ರೈತರ ಸಂತೆಗೆ ಹೋಗಿ, ಈಗ ಹೊಲದಲ್ಲಿ ಏನಿದೆ, ಹುಳ ಬಿದ್ದರೆ ಏನು ಮಾಡುತ್ತೀರಿ ಅಂತ ಕೇಳಿ. ನಿಜವಾಗಿ ಬೆಳೆದವರು ನಿಂತು ಅರ್ಧ ಗಂಟೆ ಹೇಳುತ್ತಾರೆ. ಈ ವಾರ ಅದು ಬಂದಿಲ್ಲ ಅನ್ನುವುದಕ್ಕೂ ಅವರು ಹಿಂಜರಿಯುವುದಿಲ್ಲ. ವರ್ಷವಿಡೀ ಎಲ್ಲ ತರಕಾರಿಯೂ ಒಂದೇ ಅಳತೆಯಲ್ಲಿ ಸಿಗುವ ಅಂಗಡಿಯ ಬಗ್ಗೆ ನನಗೆ ಅನುಮಾನವೇ.

ಮ್ಯಾಪಿನ ಸ್ಟಾರುಗಳನ್ನು ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ಆರ್ಗ್ಯಾನಿಕ್ ಅನ್ನುವ ಹೆಸರು ಹಾಕಿಕೊಳ್ಳುವುದು ಅಂಗಡಿಯವರೇ, ಯಾರೂ ಬಂದು ಪರೀಕ್ಷಿಸುವುದಿಲ್ಲ. ಸ್ಟಾರ್ ಕೊಟ್ಟವರು ನೋಡಿದ್ದು ಜಾಡಿಗಳನ್ನು, ಮೂಟೆಯನ್ನಲ್ಲ.

ಆ ಸರ್ಟಿಫಿಕೇಟಿನ ಫೋಟೊ ತೆಗೆದು, ಅದರಲ್ಲಿದ್ದ ನಂಬರಿನ ಜೊತೆ ತಪಾಸಣಾ ಸಂಸ್ಥೆಗೆ ಕಳಿಸಿದೆ. ರೈತರ ಗುಂಪಿನ ಅವಧಿ ಮುಗಿದಿರುವುದು ನಿಜ, ಆ ಅಂಗಡಿಗೂ ನಮಗೂ ಸಂಬಂಧವಿಲ್ಲ ಅಂತ ಉತ್ತರ ಬಂತು. ಅಂಗಡಿಯ ಮೇಲೆ ದೂರು ಕೊಡಲು ಹೋದಾಗ ನನ್ನ ಹತ್ತಿರ ಇದ್ದದ್ದು ತೂಕ ಮತ್ತು ಮೊತ್ತ ಮಾತ್ರ ಇದ್ದ ಬಿಲ್ಲು. ಅದರಲ್ಲಿ ಧಾನ್ಯದ ಹೆಸರೂ ಇರಲಿಲ್ಲ, ಸಾವಯವ ಅಂತಲೂ ಇರಲಿಲ್ಲ. ಆ ಬಿಲ್ಲಿನಿಂದ ಏನನ್ನೂ ಸಾಬೀತು ಮಾಡಲು ಆಗಲಿಲ್ಲ. ಬಿಡಿ ಸಾಮಾನು ತರುವಾಗ ಬಿಲ್ಲಿನಲ್ಲಿ ಸಾಮಾನಿನ ಹೆಸರಿನ ಮುಂದೆ ಸಾವಯವ ಅಂತ ಬರೆದುಕೊಡಿ ಅಂತ ಕೇಳಿ. ಬರೆಯಲು ಒಪ್ಪದಿದ್ದರೆ ಡಬ್ಬಿ ಖಾಲಿ ಮಾಡಿ ವಾಪಸ್ ಬನ್ನಿ.